ಹಗುರ ಹೆಬ್ಬೆರಳು

ನೀರು ಇನ್ನೂ ಉಗುರುಬೆಚ್ಚಗಿದೆ, ನೊರೆ ಒಂದೊಂದೇ ಗುಳ್ಳೆಯಾಗಿ ಒಡೆಯುತ್ತಿದೆ, ನೊರೆಯ ಕೆಳಗೆ ಗಾಡಿಯ ಕರಿಯ ರಬ್ಬರ್ ಬೆಲ್ಟು ಸುರುಳಿ ಸುತ್ತಿ ಮಲಗಿದೆ, ಜಾನಲೀ ಅದರ ಒಳಮೈಯ ಹಲ್ಲುಗಳನ್ನು ಹಳೆಯ ಬ್ರಷ್ಷಿನಿಂದ ಒಂದೊಂದಾಗಿ ತಿಕ್ಕುತ್ತಾಳೆ, ಪಾತ್ರೆ ತೊಳೆಯುವ ಸೋಪೇ ಸಾಕು, ಕಾರ್ಖಾನೆಯ ಅಚ್ಚಿನಿಂದ ಅಂಟಿಬಂದ ಜಿಡ್ಡು ಹೋದರಾಯಿತು, ಜಿಡ್ಡು ಉಳಿದರೆ ಹೊಸ ಬೆಲ್ಟು ಕ್ಲಚ್ಚಿನಲ್ಲಿ ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಹರಿಯುತ್ತದೆ — ಎಲ್ಲಿ ಹರಿಯುತ್ತದೆ ಅನ್ನುವುದನ್ನು ಅವಳು ಯೋಚಿಸುವುದಿಲ್ಲ, ಹಲ್ಲು ಎಣಿಸುತ್ತಾಳೆ, ಇಪ್ಪತ್ತೊಂದು, ಇಪ್ಪತ್ತೆರಡು, ಗೋಡೆ ಗಡಿಯಾರ ಬಿಟ್ಟರೆ ಅಡುಗೆಮನೆಯಲ್ಲಿ ಸದ್ದಿಲ್ಲ. ಕಿಟಕಿಯಾಚೆ ಅಂಗಳದಲ್ಲಿ ಅಣ್ಣನ ಹೊಸ ಗಾಡಿ, ಹಿಮದ ಮೇಲೆ ಓಡುವ ಸ್ನೋಮೊಬೈಲು, ನಿಂತಿದ್ದ ಜಾಗ ಖಾಲಿ, ಹಿಮದ ಮೇಲೆ ಅದರ ಅಡಿಯಲ್ಲಿ ಸುತ್ತುವ ರಬ್ಬರ್ ಪಟ್ಟೆ ಅಗೆದು ಹೋದ ಗುರುತು ಬೇಲಿಯ ತನಕ, ಬೇಲಿ ದಾಟಿ ಹೊಳೆಯ ಕಡೆಗೆ, ಎಣ್ಣೆ ಬೆರೆತ ಹೊಗೆಯ ವಾಸನೆ ಕಿಟಕಿಯ ಸಂದಿಯಲ್ಲಿ ಇನ್ನೂ ಉಳಿದಿದೆ. ಇದು ಎರಡನೆಯ ಬೆಲ್ಟು, ಒಂದು ಹರಿದರೆ ಇರಲಿ ಅಂತ ಜೊತೆಯಲ್ಲಿ ಒಯ್ಯುವುದು, ಒಣಗಲಿ ಥೇನ್, ಒಂದು ಗಂಟೆ ತಡಿ ಅಂದಿದ್ದಳು, ಅಣ್ಣ ಹೆಲ್ಮೆಟ್ಟಿನೊಳಗಿಂದ ನಕ್ಕ, ಒಂದು ಗಂಟೆ ಒಂದು ಗಂಟೆ ಅಂತ ಹದಿನೈದು ದಿನ ನುಂಗಿದೆಯಲ್ಲೇ ಮಾರಾಯ್ತಿ, ಇವತ್ತು ಡಾಲಿನ್ ಹೋದ ದಿನ, ಇವತ್ತು ಆ ಸ್ಲೇಟಿನ ಇಳಿಜಾರು ಹತ್ತಲಿಲ್ಲ ಅಂದ್ರೆ ಇನ್ನು ಮುಂದಿನ ವರ್ಷಾನೇ, ನೀನು ಆಲೂಗಡ್ಡೆ ಮಾಡಿಡು, ಚೀಸು ಜಾಸ್ತಿ ಹಾಕು, ಮೂರು ಗಂಟೆಗೆಲ್ಲ ಬಂದು ತಿಂತೀನಿ — ಸಾವಿನ ಮನೆಗೆ ಒಯ್ಯುವ ಆಲೂಗಡ್ಡೆ, ಎರಡು ವರ್ಷದ ಹಿಂದೆ ಅಣ್ಣನ ಗೆಳೆಯ ಡಾಲಿನ್ ಸತ್ತಾಗ ಅವನ ಅಮ್ಮನ ಮೇಜಿನ ಮೇಲೆ ಅದರ ಹನ್ನೊಂದು ಟ್ರೇ ಇದ್ದವು, ಊರವರಿಗೆ ಬೇರೇನೂ ಮಾಡಲು ತೋಚದೆ ಎಲ್ಲರೂ ಅದನ್ನೇ ಬೇಯಿಸಿ ತಂದಿದ್ದರು, ಹನ್ನೊಂದೂ ಆರಿ ಬಿರುಸಾಗಿದ್ದವು, ಇವಳು ಟ್ರೇ ಎಣಿಸಿದ್ದಳು, ಎಣಿಸುವುದು ಬಿಟ್ಟು ಅವಳಿಗೆ ಬೇರೇನು ಬರುತ್ತದೆ.

ಬರುತ್ತದೆ, ಒಂದು ಬರುತ್ತದೆ, ಹೊಸ ಗಾಡಿ ಪಳಗಿಸುವುದು ಬರುತ್ತದೆ. ಸ್ನೋಮೊಬೈಲಿಗೆ ವೇಗ ಕೊಡುವುದು ಬಲಗೈ ಹೆಬ್ಬೆರಳಿನ ಕೆಳಗಿನ ಪುಟ್ಟ ಸನ್ನೆಕೋಲು, ಗಂಡಸರ ಹೆಬ್ಬೆರಳು ಭಾರ, ಹೊಸ ಗಾಡಿ ಸಿಕ್ಕ ದಿನವೇ ಅದನ್ನು ಹಿಡಿಯ ತನಕ ಒತ್ತಿ ಹಿಡಿಯುತ್ತಾರೆ, ಪಿಸ್ಟನ್ನಿನ ಮೈಯೆಲ್ಲ ಗೀರು, ನಿನ್ನದು ಹಗುರ ಬೆರಳು ಕಣಮ್ಮಾ ಅಂದಿದ್ದ ಗಾಡಿ ರಿಪೇರಿ ಅಂಗಡಿಯ ಮುದುಕ ವರ್ಲ್, ಅವಳಿಗಾಗ ಹದಿನಾರು, ತರಗತಿಯಲ್ಲಿ ಎದ್ದು ನಿಂತು ಐದು ನಿಮಿಷ ಮಾತಾಡಬೇಕಿದ್ದ ದಿನ ಎದ್ದು ನಿಂತು ಐದು ನಿಮಿಷ ಸುಮ್ಮನಿದ್ದು, ಚೀಲ ತಗೊಂಡು ಹೊರಗೆ ಬಂದು, ಸೀದಾ ವರ್ಲ್‌ನ ಅಂಗಡಿಗೆ ನಡೆದವಳು ಮತ್ತೆ ಶಾಲೆಗೆ ಹೋಗಲಿಲ್ಲ, ವರ್ಲ್ ಯಾಕೆ ಅಂತ ಕೇಳಲಿಲ್ಲ, ಸ್ಪಾನರ್ ಕೊಟ್ಟ. ಆರು ವರ್ಷದಲ್ಲಿ ಕಣಿವೆಯ ಅರ್ಧ ಗಾಡಿಗಳ ಮೊದಲ ಹತ್ತು ಗಂಟೆ ಅವಳ ಹೆಬ್ಬೆರಳಿನವು, ಒತ್ತು, ಬಿಡು, ಒತ್ತು, ಬಿಡು, ಒಂದೇ ವೇಗದಲ್ಲಿ ಓಡಿಸಬಾರದು, ಹತ್ತು ನಿಮಿಷ ಬಿಸಿಮಾಡು, ಆರಿಸು, ಕೈಯಿಟ್ಟರೆ ತಣ್ಣಗಾಗುವವರೆಗೆ ಪಕ್ಕದಲ್ಲೇ ಕೂತಿರು, ಮತ್ತೆ ಬಿಸಿಮಾಡು, ಪಟ್ಟೆ ಜಗ್ಗಿದೆಯೋ ನೋಡು, ಬೋಲ್ಟು ಬಿಗಿಮಾಡು, ಕೂಸಿಗೆ ಜ್ವರ ನೋಡಿದ ಹಾಗೆ ನೋಡ್ತಾಳೆ ಇವಳು ಅಂತ ಡಾಲಿನ್ ರೇಗಿಸುತ್ತಿದ್ದ, ಡಾಲಿನ್ನನ ಗಾಡಿಯನ್ನೂ ಅವಳೇ ಪಳಗಿಸಿದ್ದಳು, ಮುಂದೆ ಹಳದಿ ಸ್ಕೀಗಳ, ಹಿಮದ ಮೇಲೆ ಜಾರುವ ಆ ಎರಡು ಪಟ್ಟಿಗಳ, ಗಾಡಿ, ಥೇನ್ ಈ ಸಲ ಹೊಸದಕ್ಕೆ ಬೇಕೆಂದೇ ಅದೇ ಹಳದಿ ಸ್ಕೀ ಹಾಕಿಸಿ ತಂದ. ತಂದ ದಿನ ಅಮ್ಮ ಅಂಗಳಕ್ಕೆ ಬರಲಿಲ್ಲ, ಇದೇ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತು, ಪಳಗಿಸೋಕೆ ಎಷ್ಟು ದಿನ ಬೇಕೋ ಅಷ್ಟು ತಗೋ ಜಾನೀ, ಅವಸರ ಮಾಡಬೇಡ ಅಂದಳು, ಅಷ್ಟೇ ಅಂದದ್ದು, ಅಷ್ಟರಲ್ಲೇ ಎಲ್ಲ ಇತ್ತು, ಡಾಲಿನ್ನನ ದಿನ ದಾಟಿಹೋಗಲಿ ಅನ್ನುವುದೂ. ತಗೊಂಡಳು. ಎರಡು ದಿನದ ಕೆಲಸವನ್ನು ಹದಿನೈದು ದಿನ ಎಳೆದಳು, ಹೊಳೆದಂಡೆಯಲ್ಲಿ ಹಸು ನಡೆವ ವೇಗದಲ್ಲಿ ಹೋಗಿ ಬಂದಳು, ಪಟ್ಟೆ ಇನ್ನೂ ಜಗ್ಗುತ್ತಿದೆ ಅಂದಳು, ಸ್ಪ್ರಿಂಗು ನಿನ್ನ ತೂಕಕ್ಕೆ ಕೂರುತ್ತಿಲ್ಲ ಅಂದಳು, ಇನ್ನೊಂದು ಟ್ಯಾಂಕ್ ಆಗಲಿ ಅಂದಳು, ಆದರೆ ಗಾಡಿಯೊಳಗೆ ಅದರದೇ ಒಂದು ಗಡಿಯಾರವಿದೆ, ಓಡಿದ ಗಂಟೆಗಳನ್ನು ತಾನೇ ಬರೆದುಕೊಳ್ಳುತ್ತದೆ, ಮೊನ್ನೆ ಥೇನ್ ಗುಂಡಿ ಒತ್ತಿ ನೋಡಿ, ಹತ್ತು ಗಂಟೆ ಯಾವಾಗಲೋ ದಾಟಿದೆ, ನನಗೇ ಟೋಪಿ ಹಾಕ್ತೀಯಾ ಅಂತ ಅವಳ ಟೋಪಿಯನ್ನು ಮೂಗಿನ ತನಕ ಎಳೆದ, ಕತ್ತಲಾಯಿತು, ಉಣ್ಣೆಯ ವಾಸನೆ, ಒಳಗಿಂದ ಅವಳು ಹೇಳಬಹುದಿತ್ತು, ಹೋಗಬೇಡ ಅಂತ ಒಂದೇ ಪದ, ಹೇಳಲಿಲ್ಲ.

ಮೂವತ್ತನಾಲ್ಕು, ಮೂವತ್ತೈದು, ಹಲ್ಲಿನ ಬುಡದಲ್ಲಿ ಒಂದು ಎಳೆ, ಉಗುರಿನಿಂದ ಕೀಳುತ್ತಾಳೆ — ಅವತ್ತು ಹರಿದದ್ದೂ ಇಂಥದ್ದೇ ಬೆಲ್ಟು. ಸ್ಲೇಟು ಅಂದರೆ ಆ ಇಳಿಜಾರು, ಮರವಿಲ್ಲ, ಬಂಡೆಯಿಲ್ಲ, ಯಾರು ಏನು ಬರೆದರೂ ಒರೆಸಿಹಾಕುತ್ತದೆ ಅಂತ ಊರವರಿಟ್ಟ ಹೆಸರು, ಕೆಳಗಿನ ಬಯಲಿನಿಂದ ಓಟ ತಗೊಂಡು ನುಗ್ಗಬೇಕು, ನುಗ್ಗಿದ ಮೇಲೆ ನಿಲ್ಲಬಾರದು, ಒಬ್ಬ ಹತ್ತುವಾಗ ಇನ್ನೊಬ್ಬ ಕಾಲಿಡಬಾರದು, ಭಾರಕ್ಕೆ ಹಿಮ ಕುಸಿಯುತ್ತದೆ, ಡಾಲಿನ್ ನುಗ್ಗಿದ, ಅರ್ಧ ಹತ್ತಿದ, ಟಪ್ ಅಂತ ಸದ್ದು, ಎಂಜಿನ್ ಕೂಗಿತು, ಗಾಡಿ ನಿಂತಿತು, ನಟ್ಟ ನಡುವೆ. ಅವನು ಕೈಯೆತ್ತಿ ನಗುತ್ತಿದ್ದ, ಬರಬೇಡ ಅಂತ ಥೇನ್‌ಗೆ ಸನ್ನೆ ಮಾಡಿದ, ಥೇನ್ ಬೆಲ್ಟು ಕೊಡಲು ಹೊರಟೇಬಿಟ್ಟ, ಅವಳು ತಳದಲ್ಲಿ ತನ್ನ ಗಾಡಿಯ ಮೇಲೆ ಕೂತಿದ್ದಳು, ಕೂತು ನೋಡುತ್ತಿದ್ದಳು, ನೋಡುವುದು ಅವಳ ಕೆಲಸ, ಅವಳಿಗೇ ಮೊದಲು ಕಂಡದ್ದು, ಡಾಲಿನ್ನನ ತಲೆಯಿಂದ ಬಹಳ ಮೇಲೆ ಹಿಮದಲ್ಲಿ ಒಂದು ಗೆರೆ, ಪೆನ್ಸಿಲಿನಲ್ಲಿ ಎಳೆದಷ್ಟು ಸಣ್ಣದು, ಬಾಯಿ ತೆರೆದಳು, ತೆರೆದ ಬಾಯಿಗೆ ಚಳಿ ಹೋಯಿತು, ತರಗತಿಯಲ್ಲಿ ಎದ್ದು ನಿಂತ ಹಾಗೆಯೇ, ನಾಲಿಗೆ ಮರದ ಚೂರು, ಗೆರೆ ಕೈಯಗಲವಾಯಿತು, ಬಾಗಿಲಗಲವಾಯಿತು, ಆಮೇಲೆ ಇಡೀ ಬಿಳುಪು ಕುಸಿದು ಕೆಳಕ್ಕೆ ನಡೆಯತೊಡಗಿತು. ಥೇನ್‌ನನ್ನು ಅಂಚಿಗೆ ಎಸೆಯಿತು. ಹಿಮದ ಧೂಳು ಇಳಿದ ಮೇಲೆ ಬಿಳಿ, ಬಿಳಿ, ಎಲ್ಲೆಲ್ಲೂ ಒರೆಸಿದ ಬಿಳಿ, ಅದರಲ್ಲಿ ಒಂದೇ ಒಂದು ಹಳದಿ ಸ್ಕೀಯ ಮೂತಿ, ಹೆಬ್ಬೆರಳಿನಷ್ಟು, ಮೇಲಕ್ಕೆ ಎತ್ತಿದ ಹೆಬ್ಬೆರಳಿನ ಹಾಗೆ. ಡಾಲಿನ್ ಅದರ ಹತ್ತಿರ ಇರಲಿಲ್ಲ, ಅಲ್ಲಿ ಅಗೆದದ್ದೆಲ್ಲ ವ್ಯರ್ಥ. ತನ್ನ ಗಾಡಿಯನ್ನು ಅವಳು ಆ ವಾರವೇ ಕೊಟ್ಟುಬಿಟ್ಟಳು. ಮೊದಲು ಕಂಡೆ, ಕೂಗಲಿಲ್ಲ ಅನ್ನುವುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಹೇಳಲಾಗದವಳು ಮಾಡುವುದೇನು, ಕೈಯಿಂದ ಮಾಡುತ್ತಾಳೆ, ಮಾಡಿದಳು, ಅದಕ್ಕೇ ಇಷ್ಟು ಹೊತ್ತು ನೆಮ್ಮದಿಯಾಗಿ ಬೆಲ್ಟು ತಿಕ್ಕುತ್ತಿರುವುದು. ಕಣಿವೆಯಲ್ಲಿ ಗಾಳಿ ದಪ್ಪ, ಮೇಲೆ ತೆಳು, ತೆಳು ಗಾಳಿಯಲ್ಲಿ ಎಂಜಿನ್ನಿಗೆ ಉಸಿರು ಸಾಲದು, ಅದಕ್ಕೆ ಬೆಟ್ಟಕ್ಕೆ ಹೋಗುವ ಮುಂಚೆ ಕ್ಲಚ್ಚಿನೊಳಗಿನ ಮೂರು ಭಾರದ ತುಂಡು ತೆಗೆದು ಹಗುರದ ಮೂರು ಕೂರಿಸುತ್ತಾರೆ, ಕೂರಿಸಿದೆ ಅಂದಳು ಅಣ್ಣನಿಗೆ, ನಿನ್ನೆ, ಕಣ್ಣು ನೋಡದೆ, ಕಣ್ಣು ನೋಡದೆ ಮಾತಾಡುವುದು ಅವಳ ಅಭ್ಯಾಸವಾದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ಕೂರಿಸಿಲ್ಲ. ಹಗುರದ ಮೂರು ತುಂಡು ಶೆಡ್ಡಿನ ಕಟ್ಟೆಯ ಮೇಲೆ ಟ್ಯೂನಾ ಮೀನಿನ ಖಾಲಿ ಡಬ್ಬಿಯಲ್ಲಿವೆ. ಅಂಗಳದಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ, ಬೆಳಿಗ್ಗೆ ಓಡಿಸಿ ನೋಡಿ ಥೇನ್ ಖುಷಿಯಾದ, ಎಂಟು ಸಾವಿರ ಸುತ್ತು ಗಿರ್ ಅಂತ ಬಂತು, ಮೇಲೆ ಹೋದ ಹಾಗೆಲ್ಲ ಮಂಕಾಗುತ್ತದೆ, ಆರೂವರೆ ಸಾವಿರ ಸುತ್ತಿನ ಮೇಲೆ ಏಳುವುದಿಲ್ಲ, ಹತ್ತಲೊಲ್ಲೆ ಅನ್ನುತ್ತದೆ, ಅವನು ಬೈದುಕೊಂಡು ವಾಪಸು ಬರುತ್ತಾನೆ, ಹೆಲ್ಮೆಟ್ಟು ಎಸೆಯುತ್ತಾನೆ, ನಿನಗೆ ಕೆಲಸ ಬರಲ್ಲ ಅನ್ನುತ್ತಾನೆ, ಅನ್ನಲಿ, ಆಲೂಗಡ್ಡೆ ಬಿಸಿಯಾಗಿರುತ್ತದೆ, ಇವತ್ತು ಕಳೆದಿರುತ್ತದೆ, ಹೀಗೆ ಲೆಕ್ಕ ಹಾಕಿದ್ದಳು, ಹೀಗೇ, ಬೆಲ್ಟಿನ ಎಳೆ ಕೀಳುವವರೆಗೂ ಹೀಗೇ — ಹತ್ತಲೊಲ್ಲೆ ಅನ್ನುವುದು ಎಲ್ಲಿ. ತಳದಲ್ಲಿ ಅಲ್ಲ. ತಳದಲ್ಲಿ ಬಯಲಿದೆ, ಓಟ ಇದೆ, ಓಟದ ಬಲದಲ್ಲಿ ಮಂಕು ಗಾಡಿಯೂ ಏರುತ್ತದೆ, ಇಪ್ಪತ್ತು ಮಾರು, ಐವತ್ತು, ನೂರು, ಆಮೇಲೆ ಓಟ ತೀರುತ್ತದೆ, ಎಂಜಿನ್ನಿನ ಬಲ ಬೇಕಾಗುವುದು ಅಲ್ಲಿ, ಇಲ್ಲದಿರುವುದೂ ಅಲ್ಲಿ, ಗಾಡಿ ತನ್ನ ಗುಂಡಿ ತಾನೇ ತೋಡಿಕೊಂಡು ಕೂರುತ್ತದೆ, ನಟ್ಟ ನಡುವೆ, ಡಾಲಿನ್ ನಿಂತಲ್ಲೇ. ಸೋಪಿನ ನೀರಿನಲ್ಲಿ ಕೈ ನಿಂತಿತು. ದಾರಿಯಲ್ಲೇ ಮಂಕು ಕಂಡು ತಿರುಗಿ ಬರಬಹುದಲ್ಲ, ಅವನೇನು ದಡ್ಡನೇ, ಬರಬಹುದು — ಇಲ್ಲ, ಬರುವುದಿಲ್ಲ, ಬೆಳಿಗ್ಗೆ ಮೊಟ್ಟೆ ತಿನ್ನುವಾಗ ಅವಳೇ ಹೇಳಿದ್ದಳಲ್ಲ, ಅನುಮಾನ ಬಾರದಿರಲಿ ಅಂತ, ಹೊಸ ಎಂಜಿನ್ನು, ಮೇಲೆ ಸ್ವಲ್ಪ ಭಾರ ಅನಿಸಬಹುದು, ಅದು ಸಹಜ, ಒತ್ತಿ ಹಿಡಿ ಸರಿಹೋಗುತ್ತೆ ಅಂತ, ಥೇನ್ ತಲೆಯಾಡಿಸಿದ್ದ, ಗಾಡಿಯ ವಿಷಯದಲ್ಲಿ ನೀನು ಹೇಳಿದ್ದೇ ವೇದ ಅಂದಿದ್ದ, ಒತ್ತಿ ಹಿಡಿಯುತ್ತಾನೆ.

ಗಡಿಯಾರ ಹತ್ತು ಐವತ್ತು, ಅವನು ಹೊರಟದ್ದು ಹತ್ತಕ್ಕೆ, ಸೇತುವೆಗೆ ಇಪ್ಪತ್ತು ನಿಮಿಷ, ಕಾಡಿನ ದಾರಿ ಮುಕ್ಕಾಲು ಗಂಟೆ, ಬಯಲು ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ, ಒದ್ದೆ ಕೈಯಲ್ಲೇ ಕಿಟಕಿ ಪಕ್ಕದ ವಾಕಿಟಾಕಿ ರೇಡಿಯೋ ತೆಗೆದು ಗುಂಡಿ ಒತ್ತುತ್ತಾಳೆ, ಅವನ ಭುಜದ ಮೇಲೊಂದು ಇಂಥದ್ದೇ ಇದೆ, ಥೇನ್ ಅನ್ನುತ್ತಾಳೆ, ಧ್ವನಿ ಬಂತು, ತನ್ನದೇ ಹೌದೋ ಅಲ್ಲವೋ, ಬಂತು, ಗುಂಡಿ ಬಿಟ್ಟರೆ ಕರ್ರ್ ಅಂತ ಬರಿಯ ಸದ್ದು, ಸೇತುವೆ ದಾಟಿದ ಮೇಲೆ ಬೆಟ್ಟದ ಏಣು ಅಡ್ಡ, ಎತ್ತರಕ್ಕೆ ಹೋದರೆ ಒಮ್ಮೊಮ್ಮೆ ಸಿಗುತ್ತದೆ, ಎತ್ತರ ಅಂದರೆ ಸ್ಲೇಟಿನ ನಡುವೆ. ಮನೆಯ ಪಿಕಪ್ ಟ್ರಕ್ಕನ್ನು ಅಮ್ಮ ಶಾಲೆಯ ಅಡುಗೆಮನೆಯ ಕೆಲಸಕ್ಕೆ ಒಯ್ದಿದ್ದಾಳೆ. ಫೋನಿನಲ್ಲಿ ವರ್ಲ್, ಹಿಂದೆ ಗ್ರೈಂಡರಿನ ಕಿರುಚು, ಯಾರು, ಜಾನಲೀನಾ, ನೀನು ಫೋನ್ ಮಾಡ್ತೀಯಾ, ಏನು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನಾ ಅಂತ ನಕ್ಕವನು ಅವಳ ಉಸಿರು ಕೇಳಿ ಗ್ರೈಂಡರ್ ಆರಿಸಿದ, ಹಗುರದ್ದು ಹಾಕಿಲ್ಲ ವರ್ಲ್, ಹಾಕಿದೆ ಅಂತ ಸುಳ್ಳು ಹೇಳಿದೆ, ಥೇನ್ ಸ್ಲೇಟಿಗೆ ಹೋದ, ಒಬ್ಬನೇ, ಒಂದೇ ಉಸಿರಿಗೆ ಹೇಳಿದಳು, ಆರು ವರ್ಷದಲ್ಲಿ ಅವನೊಡನೆ ಆಡಿದ ಅತಿ ಉದ್ದದ ಮಾತು. ವರ್ಲ್ ಬೈಯಲಿಲ್ಲ, ಬೈದಿದ್ದರೆ ಆಗುತ್ತಿತ್ತು. ಹೋಗಿ ಎಷ್ಟು ಹೊತ್ತಾಯ್ತು, ಐವತ್ತೈದು ನಿಮಿಷ, ಹೂಂ, ಹುಡುಕುವ ಪಡೆಯವರಿಗೆ ಹೇಳಿ ನಾನೂ ಹೊರಡ್ತೀನಿ, ಎಷ್ಟು ಓಡಿಸಿದರೂ ಒಂದೂಕಾಲು ಗಂಟೆ ಬೇಕಮ್ಮಾ, ಅಂದ, ಸುಳ್ಳು ಸಮಾಧಾನ ಹೇಳಿ ಅವನಿಗೆ ಅಭ್ಯಾಸವಿಲ್ಲ, ಆಮೇಲೆ, ನೀನು ರೇಡಿಯೋ ಬಿಡಬೇಡ, ಮಾತಾಡ್ತಾ ಇರು, ಅವನಿಗೆ ಕೇಳಲಿ ಬಿಡಲಿ ಸುಮ್ಮನಿರಬೇಡ.

ಸುಮ್ಮನಿರಬೇಡ. ರೇಡಿಯೋ ಹಿಡಿದೇ ಶೆಡ್ಡಿಗೆ ಓಡುತ್ತಾಳೆ, ಯಾಕೆಂದು ಗೊತ್ತಿಲ್ಲ, ಡಬ್ಬಿ ತೆಗೆದು ಮೂರು ತುಂಡನ್ನು ಅಂಗೈಗೆ ಸುರಿದುಕೊಳ್ಳುತ್ತಾಳೆ, ಮೂರು ಮೊಟ್ಟೆಯಷ್ಟೂ ಭಾರವಿಲ್ಲ, ಹಗುರ, ತಣ್ಣಗೆ, ಅಂಗೈಯಲ್ಲಿ ಇದ್ದೂ ಇಲ್ಲದ ಹಾಗೆ, ಇಲ್ಲಿವೆ, ಅಲ್ಲಿರಬೇಕಾದವು ಇಲ್ಲಿವೆ, ಮುಷ್ಟಿ ಬಿಗಿದುಕೊಂಡು ಬೇಲಿಯ ತನಕ ಗಾಡಿಯ ಗುರುತಿನಲ್ಲೇ ನಡೆಯುತ್ತಾಳೆ, ಮೊಣಕಾಲುದ್ದ ಹಿಮ, ಕೋಟಿಲ್ಲ, ಸೋಪಿನ ಕೈ ಮರಗಟ್ಟುತ್ತಿದೆ, ಥೇನ್, ಕಡಿಮೆ ಒತ್ತು, ನಾನು ಹೇಳಿದ್ದು ಸುಳ್ಳು, ಗುಂಡಿ ಬಿಡುತ್ತಾಳೆ, ಕರ್ರ್, ಥೇನ್, ಅವತ್ತು ಗೆರೆ ನನಗೆ ಕಂಡಿತ್ತು, ನಾನು ಕೂಗಲಿಲ್ಲ, ಕರ್ರ್, ಈಗ ಬಯಲು ಬಂದಿರುತ್ತದೆ, ಈಗ ಅವನು ಗಾಡಿ ನಿಲ್ಲಿಸಿ ಮೇಲೆ ನೋಡುತ್ತಿರುತ್ತಾನೆ, ಡಾಲಿನ್ನನ ಹಳೆಯ ಟೋಪಿ ಜೇಬಿನಲ್ಲಿದೆಯೋ ಎಂದು ಮುಟ್ಟಿ ನೋಡಿಕೊಳ್ಳುತ್ತಿರುತ್ತಾನೆ, ಸ್ಲೇಟಿನ ನೆತ್ತಿಯಾಚೆಯ ಮರಕ್ಕೆ ಅದನ್ನು ಕಟ್ಟಿ ಬರುತ್ತೇನೆ ಅಂದಿದ್ದ, ಹೆಬ್ಬೆರಳು ಸನ್ನೆಕೋಲಿನ ಮೇಲೆ ಇಟ್ಟಿರುತ್ತಾನೆ, ಭಾರದ ಹೆಬ್ಬೆರಳು, ಅವಳ ಹೆಬ್ಬೆರಳೂ ಒತ್ತಿದೆ, ರೇಡಿಯೋದ ಗುಂಡಿಯ ಮೇಲೆ, ಒತ್ತಿದರೆ ತನ್ನ ಉಸಿರು, ಬಿಟ್ಟರೆ ಕರ್ರ್, ಒತ್ತು, ಬಿಡು, ಒತ್ತು, ಬಿಡು, ಬೆಟ್ಟಗಳು ಆಕಾಶಕ್ಕೆ ಅಂಟಿ ನಿಂತಿವೆ, ಎಲ್ಲಿ ಬೆಟ್ಟ ಮುಗಿಯಿತು ಎಲ್ಲಿ ಆಕಾಶ ಶುರುವಾಯಿತು ತಿಳಿಯುವುದಿಲ್ಲ, ಬಿಳಿ, ಬಿಳಿ, ಒರೆಸಿದ ಬಿಳಿ, ಅದರಲ್ಲಿ ಹಳದಿ, ಹೆಬ್ಬೆರಳಿನಷ್ಟು ಹಳದಿ, ಅವಳು ಕಣ್ಣು ಮುಚ್ಚಿದರೂ ಹಳದಿ — ಥೇನ್, ಹತ್ತಬೇಡ, ಕೆಳಗೇ ನಿಲ್ಲು.