ನೀರು ಕೇಳದ ಸಿಪಾಯಿ

ಬಾಲಾನಗರದ ಆ ಕಂಪನಿಯವರು ಕಂಪ್ಯೂಟರಿನಲ್ಲಿ ಯುದ್ಧ ನಡೆಸುತ್ತಿದ್ದರು. ಸಿಪಾಯಿ ಎಷ್ಟು ಭಾರ ಹೊತ್ತಾನು, ಎಷ್ಟು ದೂರ ನಡೆದಾನು, ಎಲ್ಲಿ ಸೋತಾನು ಎಂದು ಲೆಕ್ಕ ಹಾಕಿ ದಂಡಿಗೆ ಕೊಡುವುದು ಅವರ ಕಸುಬು. ಆ ಲೆಕ್ಕಕ್ಕೆ ಮೈ ಅಳೆಯಿಸಿಕೊಂಡವನು ಶಿವಶರಣಪ್ಪನ ಮಗ, ಸಿಪಾಯಿ ಗುರುಶಾಂತ. ಅದೇ ಲೆಕ್ಕ ನಂಬಿ ಮರಳುಗಾಡಿನ ಕವಾಯತಿಗೆ ನೀರು ಕಡಿಮೆ ಕಳಿಸಿದರು. ಅಲ್ಲಿ ಬಾಯಾರಿ ಸತ್ತವನೂ ಗುರುಶಾಂತನೇ.

ಅವನ ಮೈ ಅಳೆದದ್ದು ಶ್ರಾವಣ ಸೋಮವಾರ. ಆ ದಿನ ಅವರ ಮನೆಯಲ್ಲಿ ಸಂಜೆಯ ಲಿಂಗಪೂಜೆ ಆಗುವತನಕ ಯಾರೂ ಹನಿ ನೀರು ಮುಟ್ಟುವುದಿಲ್ಲ. ಹುಡುಗ ಅದನ್ನು ಹೇಳಿಯೂ ಇದ್ದ. ಅಳತೆ ತೆಗೆಯುತ್ತಿದ್ದ ಕಂಪನಿಯ ಇಂಜಿನಿಯರ್ ರಾಹುಲ, "ಛಲೋನ ಆತಲ್ಲ, ಓಡು" ಎಂದು ನಕ್ಕಿದ್ದನಂತೆ. ನೇಮದ ಬಲದಿಂದ ನೀರು ಕೇಳದೆ ಓಡಿದವನನ್ನು ಯಂತ್ರವು ನೀರು ಬೇಡದ ಮೈ ಎಂದು ತಿಳಿಯಿತು. ಅಂದು ಮಗ ಫೋನಿನಲ್ಲಿ ಹೇಳಿದ್ದ ರಾಹುಲನ ಆ ಮಾತು ಶಿವಶರಣಪ್ಪನಿಗೆ ಪೂಜೆಯ ಹೊತ್ತಿನಲ್ಲೂ ಮುಳ್ಳಾಗಿ ಚುಚ್ಚುತ್ತಿತ್ತು. ಅಂಗೈಯ ಲಿಂಗ ನೋಡುತ್ತ ಅವನು ಬೇಡಿದ್ದು ಒಂದೇ: "ಶಿವನೇ, ಆ ನಾಲಿಗಿ ಒಣಗೋದು ನಾ ನೋಡಬೇಕು."

ಆ ದಿನ ತಾನಾಗಿ ಬಂತು. ಕಂಪನಿಯವರು ಪರದೆಯ ಸಿಪಾಯಿಗೆ ಗುರುಶಾಂತನ ಹೆಸರಿಟ್ಟು, ಅದನ್ನು ದಂಡಿನ ಅಧಿಕಾರಿಗಳಿಗೆ ತೋರಿಸುವ ದಿನ ತಂದೆಯನ್ನು ಕರೆಸಿ ಅವನ ಕೈಯಿಂದಲೇ ದೀಪ ಹಚ್ಚಿಸಿದರು.

"ನೋಡ್ರಿ ಕಾಕಾ, ಹೆಂಗ ಗುಡ್ಡ ಏರಾಕತ್ತಾನ! ದಣಿವು ಅನ್ನೋದ ಇಲ್ಲ," ಎಂದ ರಾಹುಲ. ಅವನೂ ಶಿವಶರಣಪ್ಪನಂತೆ ಕಲಬುರಗಿಯವನೇ.

"ಭಾಳ ಛಂದ ಐತಿ ತಮ್ಮಾ. ಇದರಾಗ ಯಾರ ಮೈ ಬೇಕಾದ್ರೂ ಹಾಕಬಹುದೇನು?"

"ಯಾರದರ ಹಾಕ್ರಿ. ನಿಮ್ಮದೂ ಹಾಕೂಣು!"

"ನನ್ನ ಮುದಿ ಎಲುಬು ಏನ್ ನೋಡ್ತಿ? ನಿಂದ ಹಾಕು. ಸಾಹೇಬರೂ ನೋಡಲಿ."

ಧಾರವಾಡ ಕಡೆಯ ಕರ್ನಲ್ ಸಾಹೇಬರು ನಕ್ಕರು. "ಏರ್ರಿ ರಾಹುಲ್, ಹೊಟ್ಟಿನೂ ಕರಗತೈತಿ!"

ಇನ್ನು ಹಿಂದೆ ಸರಿಯುವಂತಿರಲಿಲ್ಲ. ಬಿಸಿಗಾಳಿ ಹಾಯಿಸುವ ಗಾಜಿನ ಕೋಣೆಯಲ್ಲಿ ರಾಹುಲ ಸಿಪಾಯಿಯ ಚೀಲ ಬೆನ್ನಿಗೇರಿಸಿ ಓಟದ ಯಂತ್ರದ ಮೇಲೆ ಓಡತೊಡಗಿದ. ಶಿವಶರಣಪ್ಪ ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತ.

ತುಸು ಹೊತ್ತಿಗೇ ರಾಹುಲನ ಅಂಗಿ ತೊಯ್ದು ಮೈಗೆ ಅಂಟಿತು. "ಕಾಕಾ, ನೀರು..."

"ಪರದೆ ಮ್ಯಾಲ ನನ್ನ ಮಗ ಕೇಳವಲ್ಲನಲ್ಲೋ?"

"ಅಂವಾ ಉಪವಾಸ ಇದ್ದ ರೀ! ಅವಂಗ ರೂಢಿ ಇತ್ತು!"

ಕರ್ನಲರ ನಗು ನಿಂತಿತು. "ಉಪವಾಸ ಇದ್ದವನ ಅಳತಿ ನಮಗ ಕೊಟ್ರೇನು? ಅದೂ ಗೊತ್ತಿದ್ದು?"

ಯಂತ್ರ ನಿಲ್ಲಿಸುವಷ್ಟರಲ್ಲಿ ರಾಹುಲ ಮೊಣಕಾಲೂರಿ ಬಿದ್ದಿದ್ದ. ತುಟಿ ಬಿಳುಚಿತ್ತು. ಕರ್ನಲರು ಪರದೆ ಆರಿಸಲು ಹೇಳಿದರು. ಆ ಯಂತ್ರಯುದ್ಧ ತಮಗೆ ಬೇಡವೆಂದರು.

"ನೀರು ಕೊಡ್ರಿ ಯಜಮಾನ್ರ," ಎಂದು ಶಿವಶರಣಪ್ಪನತ್ತ ತಿರುಗಿದರು.

ಶಿವಶರಣಪ್ಪ ಕೊಡಲಿಲ್ಲ. ಕಡೆಗೆ ಕರ್ನಲರೇ ಅವನ ಬೆರಳು ಬಿಡಿಸಿ ಬಾಟಲಿ ಕಿತ್ತುಕೊಳ್ಳಬೇಕಾಯಿತು. ರಾಹುಲ ಗಟಗಟನೆ ಕುಡಿಯುವುದನ್ನು ಮುದುಕ ರೆಪ್ಪೆ ಬಡಿಯದೆ ನೋಡಿದ. ಶಿವ ಬೇಡಿದ್ದನ್ನು ಕೊಟ್ಟಿದ್ದ. ಆದರೂ ಒಂದೊಂದು ಗುಟುಕಿನ ಸದ್ದಿಗೂ ಅವನ ಎದೆಯ ಉರಿ ಏರುತ್ತಲೇ ಹೋಯಿತು. ಇವನಿಗಾದರೆ ನೀರು ಕಿತ್ತು ತಂದು ಕುಡಿಸುವವರು ಇದ್ದರು.