ಕಳೆಯಿಲ್ಲದ ನೆಲ

ಅವ್ವನ ಶವದ ಹಲಗೆ ಎತ್ತಲು ಬಗ್ಗಿದ ಅಕ್ಲಿಯ ತೋಳನ್ನು ದಹ್ಬಿಯಾ ಹಿಡಿದು ನಿಲ್ಲಿಸಿದಳು.

"ನಿಮ್ಮ ಹೆಗಲು ಬೇಡ, ಚಿಕ್ಕಪ್ಪ. ಅವ್ವನ ಮರಕ್ಕೆ ಗರಗಸ ಹಾಕಿದ ಕೈ ನಿಮ್ಮದು."

ಅಂಗಳದಲ್ಲಿ ಸಾವಿನ ಮನೆಯ ಕೂಸ್‌ಕೂಸ್ ಬೇಯಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿದರು. ಕಬೀಲಿಯದ ಆ ಗುಡ್ಡದೂರಿನಲ್ಲಿ ಹೆಣಕ್ಕೆ ಹೆಗಲು ಕೊಡಲು ಬಂದ ಯಾರನ್ನೂ ಬೇಡವೆನ್ನುವುದಿಲ್ಲ.

"ಹೊತ್ತಾಗ್ತಿದೆ ಕಣೇ. ಈಗ್ಯಾಕೆ ಆ ಮಾತು," ಎಂದ ಅವಳ ಗಂಡ ಆರೆಜ್ಕಿ, ಹಲಗೆಯ ಮುಂದಿನ ಮೂಲೆಯಿಂದ.

*

ಅವ್ವ ಫೆರುಜಾಳಿಗೆ ಇದ್ದದ್ದು ಆ ಆಲಿವ್ ತೋಟವೊಂದೇ. ನೊಣ ಕಾಯಿಗೆ ಮೊಟ್ಟೆಯಿಡುವ ಮೊದಲೇ ಬಿದ್ದು ಸಾಯಲೆಂದು ಕೊಂಬೆಗಳಿಗೆ ಮೀನು ತೊಳೆದ ನೀರಿನ ಬಾಟಲಿ ತೂಗುಹಾಕುತ್ತಿದ್ದಳು. ಆ ವಾಸನೆ ಹೊತ್ತೇ ಮಗಳ ಮನೆಗೂ ಬರುತ್ತಿದ್ದಳು. "ನಿಮ್ಮತ್ತೆ ಮೂಗು ಮುಚ್ಕೊಳ್ಲಿ ಬಿಡು. ಎಣ್ಣೆ ಕೊಟ್ರೆ ಕೈ ತಾನಾಗೇ ಕೆಳಗಿಳಿಯುತ್ತೆ," ಎಂದು ನಗುತ್ತಿದ್ದಳು. ಬೇಸಿಗೆಗೆ ಮುಂಚೆ ಮರದಡಿಯ ಹುಲ್ಲು, ಮುಳ್ಳು ಕಿತ್ತು ನೆಲವನ್ನು ಅಂಗಳದಂತೆ ಇಡುತ್ತಿದ್ದಳು, ಬೆಂಕಿಗೆ ಕಾಲಿಡಲು ಜಾಗ ಸಿಗದಿರಲೆಂದು. ಕೆಳಗಿನ ತೋಟದವರಿಗೆ ಅಷ್ಟು ವ್ಯವಧಾನವಿರಲಿಲ್ಲ.

ಕಾಡು ಹೊತ್ತಿದ ವರ್ಷ ಅವಳು ಮೇಲಿನ ಬುಗ್ಗೆಯ ಬಳಿ ಒದ್ದೆ ಗೋಣಿಯಿಂದ ಬೆಂಕಿ ಬಡಿಯುತ್ತಿದ್ದಳು. ಇಳಿದು ಬಂದಾಗ ಅವಳ ಮರಗಳು ನೆಲದ ಮೇಲೆ ಮಲಗಿದ್ದವು. ಬೆಂಕಿ ತಡೆಯಲು ಬಯಲು ಪಟ್ಟಿ ಬೇಕಿತ್ತಂತೆ. ಕಳೆಯಿಲ್ಲದ ನೆಲದಲ್ಲಿ ಕೆಲಸ ಬೇಗ ಆಯಿತಂತೆ. ಕೆಳಗಿನ ತೋಟಗಳು ಉಳಿದವು. ಗರಗಸ ಹಿಡಿದಿದ್ದವನು ಫೆರುಜಾಳ ಮೈದುನ ಅಕ್ಲಿ. ಅಂದಿನಿಂದ ದಹ್ಬಿಯಾ ಅವನೊಂದಿಗೆ ಮಾತು ಬಿಟ್ಟಳು. ಎದುರು ಸಿಕ್ಕರೆ ಶಾಪ ಹಾಕಿದಳು. ಅವ್ವ ಮಾತ್ರ ಯಾರನ್ನೂ ಬಯ್ಯಲಿಲ್ಲ. ಅಂಗಡಿ ಎಣ್ಣೆ ತಂದು ರೊಟ್ಟಿಗೆ ಹಚ್ಚಿಕೊಂಡಳು.

*

ಅಕ್ಲಿ ದಹ್ಬಿಯಾಳನ್ನು ಬಾಗಿಲ ಮರೆಗೆ ಕರೆದ.

"ಕಡಿದದ್ದು ನಾನೇ, ಮಗಳೇ. ಅತ್ತಿಗೇನ ಒಂದ್ಮಾತು ಕೇಳೋಣ ಅಂದೆ. 'ಕೇಳಿದೀನಿ, ಒಪ್ಪಿದಾರೆ' ಅಂದವನು ನಿನ್ ಗಂಡ. ಕೆಳಗಿದ್ದದ್ದು ಅವನಪ್ಪನ ತೋಟ ಅಲ್ವಾ."

"ಸುಳ್ಳು."

"ನಿಮ್ಮವ್ವಂಗೆ ಅವತ್ತೇ ಗೊತ್ತಾಯ್ತು. 'ನಾನಿರೋ ತನಕ ಬಾಯಿ ಬಿಡಬೇಡ, ನನ್ ಮಗಳು ಆ ಮನೇಲಿ ಬಾಳಬೇಕು' ಅಂತ ಆಣೆ ಹಾಕಿಸಿದ್ಲು. ನೀನು ಬೈದದ್ದೆಲ್ಲ ಬೈಸ್ಕೊಂಡೆ."

ಹಬ್ಬಹಬ್ಬಕ್ಕೂ ಅವ್ವ ಅಳಿಯನ ತಟ್ಟೆಗೆ ಮಾಂಸದ ಒಳ್ಳೆಯ ತುಂಡನ್ನೇ ಹಾಕುತ್ತಿದ್ದಳು. ಅವನು ತಲೆಯೆತ್ತದೆ ತಿನ್ನುತ್ತಿದ್ದ. ನಾಚಿಕೆ ಸ್ವಭಾವವೆಂದು ದಹ್ಬಿಯಾ ನಂಬಿದ್ದಳು. ಇಬ್ಬರೂ ಸೇರಿ ತನ್ನೊಬ್ಬಳನ್ನೇ ಹೊರಗಿಟ್ಟಿದ್ದರು.

ಅಷ್ಟರಲ್ಲಿ ಹಲಗೆ ಎದ್ದಿತ್ತು. ಅವಳು ಹೋಗಿ ಆರೆಜ್ಕಿಯ ಹೆಗಲು ತಟ್ಟಿದಳು, ಮಲಗಿದವರನ್ನು ಎಬ್ಬಿಸುವಂತೆ.

"ಈಚೆ ಬನ್ನಿ. ಚಿಕ್ಕಪ್ಪ ಹೊರ್ತಾರೆ."

ಅವನು ಅವಳ ಮುಖ ನೋಡಿದ, ಹಿಂದೆ ನಿಂತ ಅಕ್ಲಿಯನ್ನು ನೋಡಿದ. ಬಗ್ಗಿ ಹಲಗೆಯಡಿಯಿಂದ ಹೊರಬಂದ. ಹಲಗೆ ಒಮ್ಮೆ ವಾಲಿ, ಅಕ್ಲಿಯ ಹೆಗಲು ಸೇರಿದಾಗ ಸರಿಯಾಯಿತು.

ಗಂಡಸರು ಇಳಿಜಾರು ಹಿಡಿದರು. ಹೆಂಗಸರೊಂದಿಗೆ ಹೊಸಿಲಲ್ಲೇ ನಿಂತ ದಹ್ಬಿಯಾಳಿಗೆ, ಎಲ್ಲರಿಗಿಂತ ಮುಂದೆ ಒಬ್ಬನೇ ಹೋಗುತ್ತಿದ್ದ ಆರೆಜ್ಕಿ ಕಾಣುತ್ತಿದ್ದ. ಯಾರೂ ಹೇಳದಿದ್ದರೂ ಅವನು, ಹೊತ್ತವರ ಕಾಲಿಗೆ ತಾಗದಂತೆ, ಬಗ್ಗಿ ಬಗ್ಗಿ ದಾರಿಯ ಕಲ್ಲುಗಳನ್ನು ಆಯ್ದು ಪಕ್ಕಕ್ಕೆ ಇಡುತ್ತಿದ್ದ.