ಕಿಟಕಿಯ ಹತ್ತಿರ ಆಡಿದ ಮಾತು

ಮೀಟಿಂಗ್ ಮುಗಿದ ಮೇಲೆ ನಿಜವಾದ ಮೀಟಿಂಗ್ ಶುರುವಾಗುವುದು ಎಷ್ಟೋ ಆಫೀಸುಗಳಿಗೆ ಅಂಟಿದ ರೋಗ. ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಗೂ ಅಂಟಿತ್ತು. ಬೆಳಗ್ಗೆ ಗೋಡೆಯ ಪರದೆಯ ಮೇಲೆ ಮನೆಯಲ್ಲಿರುವವರ ಮುಖಗಳು ಚೌಕ ಚೌಕವಾಗಿ ಮೂಡುತ್ತಿದ್ದವು. "ಕೇಳಿಸ್ತಾ ಇದೆಯಾ?" "ಇದೆ, ನೀವು ಕಾಣಿಸ್ತಾ ಇಲ್ಲ." ಹೀಗೇ ಅರ್ಧ ಹೊತ್ತು ಹಾಳು. ಆಮೇಲೆ ಎಲ್ಲರೂ ತಲೆಯಾಡಿಸಿ, ಕೈ ಬೀಸಿ, ಕೆಂಪು ಗುಂಡಿ ಒತ್ತುತ್ತಿದ್ದರು. ಪರದೆ ಕಪ್ಪಾದ ಕೂಡಲೇ ಆಫೀಸಿನಲ್ಲಿದ್ದವರು ಚಹಾ ಲೋಟ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಕೆಲಸದ ಮಾತು ಆಗುತ್ತಿದ್ದುದು ಅಲ್ಲಿ.

ಆ ಗುಂಪಿನ ಯಜಮಾನ ಮೇಸ್ತ್ರಿ. ಹೆಸರಿಗೆ ಮ್ಯಾನೇಜರ್. ಆದರೆ ಮೊದಲು ಗ್ರೀಸ್ ಮೆತ್ತಿದ ಅಂಗಿ ಹಾಕಿಕೊಂಡು ಲಿಫ್ಟಿನ ತಲೆಯ ಮೇಲೆ ಕೂತು ಕೆಲಸ ಮಾಡಿದವನು. ಹಾಗಾಗಿ ಕುರ್ಚಿ ಬಂದರೂ ಹೆಸರು ಬದಲಾಗಲಿಲ್ಲ. ಟೈಪ್ ಮಾಡುವುದೆಂದರೆ ಅವನಿಗೆ ಮೈಯೆಲ್ಲಾ ಉರಿ. "ಬಾಯಿ ಯಾಕಿದೆ?" ಎನ್ನುತ್ತಿದ್ದ. ಎಲ್ಲರೂ ಒಂದೇ ಕೋಣೆಯಲ್ಲಿದ್ದಾಗ ಅದು ನಡೆಯಿತು. ಅವನು ಒಂದು ಮೂಲೆಯಲ್ಲಿ ಕೂಗಿದರೆ ಇನ್ನೊಂದು ಮೂಲೆಯಲ್ಲಿ ಕೆಲಸ ಆಗುತ್ತಿತ್ತು.

ಆಮೇಲೆ ಕಂಪನಿ ಬಾಡಿಗೆ ಉಳಿಸಲು ಒಂದಿಡೀ ಮಹಡಿ ಬಿಟ್ಟುಕೊಟ್ಟು, ಮೇಜು ಕುರ್ಚಿ ಮಾರಿ, ಅರ್ಧ ಜನರನ್ನು ಮನೆಗೆ ಅಟ್ಟಿತು. ಹಾಗೆ ಹೋದವರಲ್ಲಿ ಪಾಳಿ ಅಕ್ಕನೂ ಒಬ್ಬಳು. ಯಾವ ಲಿಫ್ಟಿಗೆ ಯಾವ ಮೆಕ್ಯಾನಿಕ್ ಹೋಗಬೇಕೆಂದು ಪಾಳಿ ಹಾಕುವುದು ಅವಳ ಕೆಲಸ. ಗಂಡ ಇಲ್ಲದವಳು. ಮಗಳನ್ನು ಕರೆದುಕೊಂಡು ದೂರದ ಊರಿನಲ್ಲಿದ್ದ ತಾಯಿಯ ಮನೆ ಸೇರಿದ್ದಳು. ಅಲ್ಲಿಂದಲೇ ಕೂತು ಕೆಲಸ ತೂಗಿಸುತ್ತಿದ್ದಳು.

ಆ ಸೋಮವಾರ ಮೇಸ್ತ್ರಿ ಲೋಟ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರವೇ ಹೇಳಿದ್ದ: "ಬಟ್ಟೆ ಅಂಗಡಿ ಕಟ್ಟಡದ ಹಿಂದಿನ ಲಿಫ್ಟಿದೆಯಲ್ಲ, ಅದರ ಬ್ರೇಕು ಸವೆದು ಹೋಗಿದೆ. ಹೊಸದು ಬರೋವರೆಗೂ ಅಲ್ಲಿಗೆ ಒಬ್ಬರೇ ಹೋಗೋ ಹಾಗಿಲ್ಲ. ಮೇಲೆ ಒಬ್ಬ ಮೋಟರಿನ ಚಕ್ರ ಹಿಡ್ಕೊಂಡು ನಿಲ್ಲಬೇಕು, ಕೆಳಗೆ ಇನ್ನೊಬ್ಬ." ಬಿಡಿಭಾಗಗಳ ಸ್ಟೋರಿನವನು ಹೂಂ ಎಂದ. ಪಕ್ಕದಲ್ಲಿದ್ದ ಇಬ್ಬರು ಮೆಕ್ಯಾನಿಕ್‌ಗಳೂ ಹೂಂ ಎಂದರು. ಪಾಳಿ ಅಕ್ಕನಿಗೆ ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ತೋಚಲೂ ಇಲ್ಲ. ಕಣ್ಣ ಮುಂದೆ ಇಲ್ಲದವರು ಕಿವಿಯೂ ಇಲ್ಲದವರು ಎಂದೇ ಲೆಕ್ಕ.

ಮಾರನೇ ದಿನ ಆ ಲಿಫ್ಟಿನ ಬಾಗಿಲು ಸಿಕ್ಕಿಕೊಂಡಿದೆ ಎಂದು ದೂರು ಬಂತು. ಅವಳು ಎಂದಿನಂತೆ ಒಬ್ಬನನ್ನು ಕಳಿಸಿದಳು. ಹೋದವನು ಭಾವ. ಜೊತೆಗೆ ಕೆಲಸ ಮಾಡುವವನ ಅಕ್ಕನನ್ನೇ ಮದುವೆಯಾಗಿ ಇಡೀ ಕಂಪನಿಗೆ ಭಾವನಾದವನು. ಸೋಮವಾರ ಅವನಿಗೆ ರಜೆ. ಬ್ರೇಕಿನ ವಿಷಯ ಅವನಿಗೂ ಗೊತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ಕೈ ಹಾಕಿದಾಗ, ಎದುರು ತೂಕದ ಎಳೆತಕ್ಕೆ ಖಾಲಿ ಲಿಫ್ಟು ಒಂದು ಗೇಣು ಮೇಲಕ್ಕೆ ಜಾರಿತು. ಬಲಗೈಯ ಮೂಳೆ ಎರಡು ಕಡೆ ಮುರಿಯಿತು.

ಸಂಜೆಯೇ ಹೆಡ್ಡಾಫೀಸಿನ ದೊಡ್ಡವರು ಮೇಸ್ತ್ರಿಗೆ ಫೋನ್ ಮಾಡಿದರು. ಹಿಂದೆ ನಾಯಿ ಬೊಗಳುತ್ತಿತ್ತು. ಅವರೂ ಮನೆಯಲ್ಲೇ ಇದ್ದರು.

"ನಾನು ಮೊದಲೇ ಹೇಳಿರಲಿಲ್ವಾ? ಮನೇಲಿ ಕೂತು ಕೆಲಸ ಮಾಡೋರಿಗೆ ಗಮನ ಎಲ್ಲಿರುತ್ತೆ? ಆ ಹೆಂಗಸನ್ನ ತೆಗೆದು, ಉಳಿದವರನ್ನ ವಾಪಸ್ ಕರೆಸೋಣ. ಶುಕ್ರವಾರ ನಾನೇ ಬರ್ತೀನಿ. ಬ್ರೇಕಿನ ವಿಷಯ ನೀವು ಎಲ್ಲರಿಗೂ ಹೇಳಿದ್ರಿ ತಾನೆ?"

"ಹೇಳಿದ್ದೆ ಸಾರ್."

"ಮತ್ತಿನ್ನೇನು. ತಂಡ ನಡೆಸೋರು ಮನಸ್ಸು ಗಟ್ಟಿ ಮಾಡ್ಕೋಬೇಕು."

ಹೇಳಿದ್ದೆ ಎಂಬುದು ಸುಳ್ಳಲ್ಲ. ಎಲ್ಲರಿಗೂ ಎಂಬುದಷ್ಟೇ ಸುಳ್ಳು. ಆ ಸಣ್ಣ ಸಂದಿಯಲ್ಲಿ ಮೇಸ್ತ್ರಿ ತೂರಿಕೊಂಡುಬಿಟ್ಟ.

ಬುಧವಾರ ಆಸ್ಪತ್ರೆಗೆ ಹೋದರೆ ಭಾವ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ.

"ಬನ್ನಿ ಮೇಸ್ತ್ರಿ. ಕೈ ಮುರಿದ್ರೂ ಬಾಯಿ ನೆಟ್ಟಗಿದೆ. ಹೆಂಡ್ತಿಗೆ ಅದೇ ಬೇಜಾರು."

"ನೋವಿದೆಯೇನಯ್ಯ?"

"ಇರುತ್ತೆ ಬಿಡಿ. ಆ ಬ್ರೇಕು ಸವೆದಿದ್ದು ಯಾರಿಗೂ ಗೊತ್ತಿರ್ಲಿಲ್ವಾ?"

"ಅದೇ, ವಿಚಾರಣೆ ನಡೀತಾ ಇದೆ."

ಭಾವ ಹಾಸಿಗೆಯಿಂದ ತಲೆ ಎತ್ತಿದ. "ವಿಚಾರಣೆ ಗಿಚಾರಣೆ ಅಂತೆಲ್ಲಾ ನೀವು ಯಾವಾಗಿಂದ ಮಾತಾಡೋಕೆ ಕಲಿತ್ರಿ?"

ಮೇಸ್ತ್ರಿ ತಂದಿದ್ದ ಹಣ್ಣಿನ ಚೀಲವನ್ನು ಸ್ಟೂಲಿನ ಮೇಲಿಟ್ಟು ಎದ್ದುಬಂದ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಪಾಳಿ ಅಕ್ಕನ ಫೋನ್ ಬಂತು. ಬೈಯುತ್ತಾಳೆ ಎಂದುಕೊಂಡು ಎತ್ತಿದ. ಬೈದಿದ್ದರೆ ಚೆನ್ನಾಗಿತ್ತು. ತಿರುಗಿಸಿ ಬೈಯುವುದು ಅವನಿಗೆ ಗೊತ್ತಿತ್ತು.

"ಮೇಸ್ತ್ರಿ, ನೀವು ಬ್ರೇಕಿನ ವಿಷಯ ಹೇಳಿದ್ರಿ ಅಂತ ದೊಡ್ಡವರು ಅಂದ್ರು. ನನಗೆ ನೆನಪೇ ಆಗ್ತಿಲ್ಲ. ಮೆಸೇಜ್ ಎಲ್ಲಾ ಮೇಲಿಂದ ಕೆಳಗೆ ಹುಡುಕಿದೆ. ಬೆಳಗ್ಗೆ ಮೀಟಿಂಗಲ್ಲಿ ಹೇಳಿದ್ರಾ? ಮಗಳು ನೀರು ಕೇಳಿದ್ಲು ಅಂತ ಒಂದು ನಿಮಿಷ ಎದ್ದು ಹೋಗಿದ್ದೆ. ಆವಾಗ ಹೇಳಿದ್ರಾ?"

ಮೇಸ್ತ್ರಿ ಇನ್ನೆರಡು ಮೆಟ್ಟಿಲು ಇಳಿದ.

"ಸರಿ ಬಿಡಿ. ನೀವು ಹೇಳದೇ ಇರೋರಲ್ಲ. ನನ್ನ ಗ್ರಹಚಾರ. ಭಾವನ ಹೆಂಡ್ತಿಗೆ ಫೋನ್ ಮಾಡೋಕೂ ಮುಖ ಇಲ್ಲ ನನಗೆ."

"ಊಟ ಮಾಡಮ್ಮ. ಆಮೇಲೆ ನೋಡೋಣ," ಎಂದು ಅವನು ಫೋನ್ ಇಟ್ಟ. ಅಷ್ಟು ಹೇಡಿ ಮಾತನ್ನು ಅವನು ಹಿಂದೆಂದೂ ಆಡಿರಲಿಲ್ಲ.

ಆಫೀಸಿನಲ್ಲಿ ಸ್ಟೋರಿನವನು ಅವನನ್ನು ಪಕ್ಕಕ್ಕೆ ಕರೆದ. "ನೀವೇನೂ ತಲೆ ಕೆಡಿಸ್ಕೋಬೇಡಿ. ಎಲ್ಲರಿಗೂ ಹೇಳಿದ್ರು ಅಂತ ನಾವು ಮೂರು ಜನ ಹೇಳ್ತೀವಿ. ಅವಳೇನು ಇಲ್ಲಿದ್ಲಾ, ಅಲ್ಲ ಅನ್ನೋಕೆ?" ಪ್ರೀತಿಯಿಂದಲೇ ಹೇಳಿದ. ಮೇಸ್ತ್ರಿ ಚಹಾ ಕುಡಿಯದೆ ಮನೆಗೆ ಹೊರಟ.

ಮನೆಯಲ್ಲಿ ಅವನು ತಟ್ಟೆಯ ಮುಂದೆ ಅನ್ನ ಮುಟ್ಟದೆ ಕೂತಿದ್ದು ನೋಡಿ ಹೆಂಡತಿ ಅವನ ಬಾಯಿ ಬಿಡಿಸಿದಳು.

"ನಿಜ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೇನ್ರೀ?"

"ಕುರ್ಚಿ ಹೋಗಬಹುದು. ಕೆಲಸವೂ ಹೋಗಬಹುದು."

"ಹೇಳದಿದ್ರೆ?"

"ಅವಳದು ಹೋಗುತ್ತೆ."

ಅವಳು ತಟ್ಟೆ ಎತ್ತಿಕೊಂಡಳು. "ಎಲ್ಲರ ಮೇಲೂ ರೇಗಾಡ್ತೀರಲ್ಲ, ಅದರಲ್ಲಿ ಅರ್ಧ ಆ ದೊಡ್ಡವರ ಮೇಲೆ ರೇಗಿ ನೋಡೋಣ."

ಶುಕ್ರವಾರ ದೊಡ್ಡವರು ಬಂದರು. ಪರದೆಯ ಚೌಕದಲ್ಲಿ ಪಾಳಿ ಅಕ್ಕನ ಮುಖ ಊದಿಕೊಂಡಿತ್ತು. ಕೇಳುವ ಮೊದಲೇ ಅವಳು ಹೇಳಿದಳು: "ತಪ್ಪು ನನ್ನದೇ ಇರ್ಬೇಕು ಸಾರ್. ಮೇಸ್ತ್ರಿ ಹೇಳಿರ್ತಾರೆ. ನಾನೇ ಕೇಳಿಸ್ಕೊಂಡಿಲ್ಲ." ದೊಡ್ಡವರು ಗಂಭೀರವಾಗಿ ತಲೆಯಾಡಿಸಿ, ತೀರ್ಮಾನ ತಿಳಿಸುತ್ತೇವೆ ಎಂದರು. ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಕೆಂಪು ಗುಂಡಿ ಒತ್ತಿದರು. ಪರದೆ ಕಪ್ಪಾಯಿತು.

ಚಹಾ ಬಂತು. ಎಲ್ಲರೂ ಕಿಟಕಿಯ ಹತ್ತಿರ ಹೋದರು.

"ತಾನೇ ಒಪ್ಪಿಕೊಂಡಳಲ್ಲ, ಸಲೀಸಾಯ್ತು," ಎಂದರು ದೊಡ್ಡವರು ಲೋಟ ಊದುತ್ತಾ. "ಈ ತಿಂಗಳಿಗೆ ಸಾಕು ಅಂತ ನೀವೇ ಹೇಳಿಬಿಡಿ. ನಿಮ್ಮ ಬಾಯಿಂದ ಬಂದ್ರೆ ಬೇಜಾರು ಮಾಡ್ಕೊಳ್ಳಲ್ಲ."

ಮೇಸ್ತ್ರಿ ಜೇಬಿನಿಂದ ಮೊಬೈಲ್ ತೆಗೆದ. ಅವಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಲೋಟಗಳ ನಡುವೆ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಅಮ್ಮಾ, ಮೀಟಿಂಗ್ ಮುಗಿದಿಲ್ಲ. ಈಗ ಶುರುವಾಗಿದೆ. ಕೇಳಿಸ್ಕೋ. ಬ್ರೇಕಿನ ಮಾತು ನಾನು ಆಡಿದ್ದು ಇದೇ ಕಿಟಕಿ ಹತ್ತಿರ, ಪರದೆ ಆಫ್ ಆದ ಮೇಲೆ. ಇಲ್ಲಿದ್ದವರಿಗೆ ಹೇಳಿದೆ. ನಿನಗೆ ಹೇಳ್ಲಿಲ್ಲ. ಭಾವನಿಗೂ ಹೇಳ್ಲಿಲ್ಲ."

ಸ್ಟೋರಿನವನು ಬೀದಿಯ ಕಡೆ ಮುಖ ತಿರುಗಿಸಿದ. ದೊಡ್ಡವರು ಮೊಬೈಲಿಗೆ ಕೈ ಚಾಚಿದರು. ಮೇಸ್ತ್ರಿ ಅದರ ಮೇಲೆ ತನ್ನ ಅಂಗೈ ಅಡ್ಡ ಇಟ್ಟ. "ಸಾರ್, ನಿಮಗೂ ಹೇಳ್ತಾ ಇದೀನಿ. ಇದರಲ್ಲಿ ಮನೆಯದೂ ತಪ್ಪಿಲ್ಲ, ಆಫೀಸಿನದೂ ತಪ್ಪಿಲ್ಲ. ತಪ್ಪು ನನ್ನದು."

"ಏನು ಮಾತಾಡ್ತಿದೀರಿ ಅಂತ ಗೊತ್ತಿದೆಯೇನ್ರೀ ನಿಮಗೆ?"

"ಇವತ್ತು ಗೊತ್ತಿದೆ."

ಫೋನಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ದೂರದಲ್ಲಿ ಮಗುವಿನ ದನಿ ಕೇಳಿ ನಿಂತಿತು. ಆಮೇಲೆ ಅವಳು ಕೇಳಿದಳು: "ಆವತ್ತು ನಾನು ಫೋನ್ ಮಾಡಿದಾಗ ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಊಟ ಮಾಡು ಅಂದ್ರಿ."

ದೊಡ್ಡವರು ಲೋಟ ಕುಕ್ಕಿ, ಬ್ಯಾಗ್ ಎತ್ತಿಕೊಂಡು, ನಿಮ್ಮ ವಿಷಯ ಸೋಮವಾರ ಮಾತಾಡೋಣ ಎಂದು ಹೊರಗೆ ನಡೆದರು.

"ಆ ಲಿಫ್ಟಿನ ಬಾಗಿಲು ಇನ್ನೂ ಹಾಗೇ ಇದೆ," ಎಂದಳು ಪಾಳಿ ಅಕ್ಕ. ದನಿ ಒಣಗಿತ್ತು. "ಯಾರನ್ನ ಕಳಿಸ್ಲಿ?"

"ಇಬ್ಬರನ್ನ."

"ಬರೆದು ಕಳಿಸಿ. ನಿಮ್ಮ ಬಾಯಿಮಾತು ನನಗೆ ಬೇಡ."

ಫೋನ್ ಕಟ್ಟಾಯಿತು. ಚಹಾ ಕೆನೆಗಟ್ಟಿತ್ತು. ಮೇಸ್ತ್ರಿ ಕನ್ನಡಕ ಏರಿಸಿಕೊಂಡು, ಗೋಡೆಗೆ ಒರಗಿ ನಿಂತು, ದಪ್ಪ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತತೊಡಗಿದ. ಎರಡು ಸಲ ತಪ್ಪಿದ, ಅಳಿಸಿದ, ಮತ್ತೆ ಒತ್ತಿದ. ಯಾರೂ ಅವನ ಹತ್ತಿರ ಬರಲಿಲ್ಲ.